ಗಿಲಕಿಗೆ ಬಗ್ಗದ ಗಿರಾಕಿ

ಮೂವತ್ತು ವರ್ಷದಿಂದ ಸ್ಟುಡಿಯೋ ನಡೆಸಿಕೊಂಡು ಬಂದ ಆಕೆಗೆ ಅಳುವ ಮಗುವಿನ ಫೋಟೋ ತೆಗೆಯುವುದೆಂದರೆ ನೀರು ಕುಡಿದಷ್ಟು ಸುಲಭ. ಕ್ಯಾಮೆರಾದ ಪಟ್ಟಿಗೆ ಒಂದು ಗಿಲಕಿ ಕಟ್ಟಿಕೊಂಡಿದ್ದಳು. ಅದನ್ನು ಆಡಿಸಿದರೆ ಎಂಥ ಹಟಮಾರಿ ಮಗುವೂ ತಿರುಗಿ ನೋಡಲೇಬೇಕು.

ಭಾನುವಾರ ಬೆಳಿಗ್ಗೆ ಗಂಡನ ಜೊತೆ ಪಾರ್ಕಿನ ಕೊಳಕ್ಕೆ ಹೋದಾಗಲೂ ಗಿಲಕಿ ಜೊತೆಗೇ ಇತ್ತು. ದಡದ ನೀರಿನಲ್ಲಿ ಬೂದು ಬಣ್ಣದ ಬಕವೊಂದು ಇವರಿಗೆ ಬೆನ್ನು ಹಾಕಿ ನಿಂತಿತ್ತು. ಆಕೆ ಅಭ್ಯಾಸಬಲದಿಂದ ಗಿಲಕಿ ಆಡಿಸಿದಳು. ಬಕ ಕ್ಯಾರೇ ಅನ್ನಲಿಲ್ಲ.

“ಅದೇನು ನಿನ್ನ ಗಿರಾಕೀನಾ?” ಗಂಡ ನಕ್ಕ. “ಸುಮ್ನೆ ನೋಡು, ಏನೋ ಮಾಡ್ತಿದೆ.”

ಯಾರೋ ಎಸೆದುಹೋದ ಬ್ರೆಡ್ಡಿನ ಚೂರೊಂದು ಅದರ ಕೊಕ್ಕಿನಲ್ಲಿತ್ತು. ಅದು ತಿನ್ನಲಿಲ್ಲ, ಮೆಲ್ಲಗೆ ನೀರಿನ ಮೇಲಿಟ್ಟಿತು. ಚೂರು ತೇಲಿ ದೂರ ಹೋಯಿತು. ಬಕ ಎರಡು ಹೆಜ್ಜೆ ಹೋಗಿ, ಎತ್ತಿ ತಂದು, ಮತ್ತೆ ತನ್ನ ಕಾಲ ಬಳಿಯೇ ಇಟ್ಟಿತು. ಹೀಗೆ ನಾಲ್ಕು ಸಲ.

ಆಕೆ ಸದ್ದಾಗದಂತೆ ಗಿಲಕಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕ್ಯಾಮೆರಾ ಎತ್ತಿದಳು. “ರೀ, ಇದೂ ನಮ್ಮ ಕಸುಬಿನದೇ ಕಣ್ರೀ,” ಎಂದು ಪಿಸುಗುಟ್ಟಿದಳು.

ನೀರಿನೊಳಗೆ ಮೀನೊಂದು ಮಿನುಗಿ ಬ್ರೆಡ್ಡಿನತ್ತ ಬಂತು. ಕಣ್ಣು ಮಿಟುಕಿಸುವುದರೊಳಗೆ ಬಕದ ಕತ್ತು ಈಟಿಯಾಯಿತು. ಮೀನು ಗಂಟಲಿಳಿದ ಮೇಲೆ ಅದು ನಿಧಾನವಾಗಿ ತಿರುಗಿ, ಕ್ಯಾಮೆರಾವನ್ನೇ ನೆಟ್ಟಗೆ ನೋಡಿತು.

“ಸಿಕ್ತಾ?” ಗಂಡ ಕೇಳಿದ.

ಆಕೆಯ ಬೆರಳು ಕ್ಯಾಮೆರಾದ ಗುಂಡಿಯನ್ನು ಒತ್ತದೆ ಅದರ ಮೇಲೆಯೇ ಉಳಿದಿತ್ತು. ಎದುರು ಕೂತವರಿಗೆಲ್ಲ ಅಲ್ಲಾಡಬೇಡಿ, ಅಲ್ಲಾಡಬೇಡಿ ಎನ್ನುತ್ತಲೇ ಬಾಳು ಸವೆಸಿದವಳು, ಬಕದ ಎದುರು ಉಸಿರು ಹಿಡಿದು, ಅಲ್ಲಾಡದೆ ನಿಂತಿದ್ದಳು.