ಒಂಟೆಮರಿಯ ಅವ್ವ ಹೋದದ್ದೆಲ್ಲಿ

ಯರಗಟ್ಟಿ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮುತ್ತಪ್ಪನಿಗೆ ಒಡೆದ ಗಾಜು, ನೀರಿಗೆ ಬಿದ್ದ ಫೋನು, ಉಬ್ಬಿದ ಬ್ಯಾಟರಿ ಎಲ್ಲ ನೀರು ಕುಡಿದಷ್ಟು ಸಲೀಸು. ಏಳು ವರ್ಷದ ಮಗಳನ್ನು ಎದುರಿಗೆ ಕೂಡಿಸಿಕೊಂಡು 'ನಿಮ್ಮವ್ವ ಸತ್ತಾಳ' ಎಂದು ಹೇಳುವುದು ಮಾತ್ರ ಐದು ತಿಂಗಳಾದರೂ ಅವನಿಂದ ಆಗಿರಲಿಲ್ಲ.

ಹೆಂಡತಿ ಶೈಲಶ್ರೀ ಹೋದದ್ದು ಜ್ವರದಲ್ಲಿ. ಮಂಗಳವಾರ ಮೈ ಬಿಸಿಯಾಗಿದೆ ಎಂದಳು, ಶುಕ್ರವಾರ ಬೆಳಗಾವಿಯ ದವಾಖಾನೆಯಿಂದ ಹೆಣವಾಗಿ ಬಂದಳು. ಆಗ ಮಗಳು ಸಪ್ನಾ ಬೇಸಿಗೆ ರಜೆಗೆಂದು ಮುನವಳ್ಳಿಯ ಅತ್ತೆಯ ಮನೆಯಲ್ಲಿದ್ದಳು. ಇವಳನ್ನು ಕರೆಸದೆಯೇ ಮಣ್ಣು ಮಾಡಿದರು, ಕರೆಸದೆಯೇ ದಿನಕರ್ಮವನ್ನೂ ಮುಗಿಸಿದರು. ಇನ್ನು ಹುಡುಗಿಯನ್ನು ಕರೆತರಬೇಕು ಎನ್ನುವಾಗ ಮನೆಯಲ್ಲಿ ಸಭೆ ಸೇರಿತು. ಅಧ್ಯಕ್ಷತೆ ಮಡಿವಾಳೆಪ್ಪ ಮಾಸ್ತರರದು. ಇವರು ಮುತ್ತಪ್ಪನ ತಾಯಿ ಶಟ್ಟೆವ್ವನ ತಮ್ಮ, ದೊಡವಾಡದ ಸಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕಲಿಸಿದವರು. ಮೇಲಾಗಿ ಮಕ್ಕಳ ಮನಸ್ಸಿನ ಕುರಿತು ಮೂರು ದಿನದ ತರಬೇತಿ ಪಡೆದವರು. ಮೊದಲ ದಿನ ಉದ್ಘಾಟನೆ, ಕೊನೆಯ ದಿನ ಸಮಾರೋಪ, ನಡುವಿನ ದಿನ ಮಾಸ್ತರರು ಯಾರದೋ ಮದುವೆಗೆ ಹೋಗಿದ್ದರು.

"ಹುಡುಗಿಗಿ ಏನೂ ಗೊತ್ತಾಗಬಾರ್ದು," ಎಂದರು ಮಾಸ್ತರರು. "ಸಣ್ಣ ಮನಸ್ಸಿಗೆ ಧಕ್ಕಿ ಹತ್ತತೈತಿ. ಅವ್ವ ದವಾಖಾನ್ಯಾಗ ಅದಾಳ, ಅರಾಮಾಗಿ ಬರತಾಳ ಅಂತ ಹೇಳ್ರಿ. ನಾಕ ತಿಂಗಳ ಹೋದ್ರ ತಾನ ಮರೀತಾಳ."

ಬಸ್ಸಿನಲ್ಲಿ ಬಿಟ್ಟ ಛತ್ರಿಯನ್ನು ಮರೆಯುವ ಹಾಗೆ ಮಕ್ಕಳು ತಾಯಿಯನ್ನು ಮರೆಯುತ್ತಾರೆಂದು ಮಾಸ್ತರರಿಗೆ ಯಾವ ದಿನದ ತರಬೇತಿಯಲ್ಲಿ ಹೇಳಿದ್ದರೋ ದೇವರೇ ಬಲ್ಲ. ಆದರೆ ಕಲಿತವರ ಮಾತು, ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವನು ಮುತ್ತಪ್ಪ. ಹೇಳುವ ಕೆಲಸ ತಪ್ಪಿತಲ್ಲ ಎಂಬ ಸಮಾಧಾನ ಅವನಿಗೆ. ಗಟಾರದ ನೀರು ಯಾವ ಕಡೆ ಹರಿಯಬೇಕೆಂದು ಹತ್ತು ವರ್ಷದಿಂದ ಒಮ್ಮತಕ್ಕೆ ಬರದ ಆ ಓಣಿ ಈ ಸುಳ್ಳಿಗೆ ಒಂದೇ ದಿನದಲ್ಲಿ ಒಪ್ಪಿತು. ಎದುರು ಮನೆಯ ರಂಜನಾ ಅಂತೂ ತನ್ನ ಮಕ್ಕಳಿಗೆ ಊದಿನಕಡ್ಡಿ ಮುಟ್ಟಿಸಿ ಆಣೆ ಮಾಡಿಸಿದಳು.

ಎಲ್ಲ ಸರಿಯಾಯಿತು, ಆದರೆ ಅಳಲು ಬರುವ ಹೆಂಗಸರನ್ನು ಸಭೆ ಮರೆತಿತ್ತು. ನಮ್ಮ ಕಡೆ ಮಣ್ಣಿಗೆ ಬರಲಾಗದವರು ಆಮೇಲಾದರೂ ಬಂದು ಸತ್ತವರ ಗುಣವನ್ನೆಲ್ಲ ಹಾಡಿಕೊಂಡು ಅತ್ತೇ ಹೋಗಬೇಕು. ಅಳದೆ ಒಳಗೆ ಬಂದು ನೀರು ಕುಡಿದವಳನ್ನು ಜನ ಹೆಂಗಸು ಎನ್ನುವುದಿಲ್ಲ. ಸವದತ್ತಿ ಕಡೆಯ ಗುರುಬಸವ್ವ ಮೊದಲಿಗೆ ಬಂದಳು. ಹೊಸ್ತಿಲಲ್ಲೇ ಕುಸಿದು, ಸೆರಗು ಮುಖಕ್ಕೆ ಹಿಡಿದು, "ಎಲ್ಲಿ ಹೋದೆವ್ವಾ ನನ್ನ ಬಂಗಾರಾ, ಹಾಲಿನಂಥಾ ಮನಸಿನಾಕಿ," ಎಂದು ರಾಗ ತೆಗೆದಳು. ಅಷ್ಟರಲ್ಲಿ ಸಪ್ನಾ ಒಳಗಿನಿಂದ ಓಡಿಬಂದು ನಿಂತಳು.

"ಆಯಿ, ಈಕಿ ಯಾಕ ಅಳಾಕತ್ಯಾಳ?"

ಅಜ್ಜಿ ಶಟ್ಟೆವ್ವ, "ಈಕಿ ಎಮ್ಮಿ ಸತ್ತೈತವಾ," ಎಂದಳು.

ಗುರುಬಸವ್ವ ಜಾಣೆ. ರಾಗ ಕಡಿಯದೆ ದಾರಿ ಬದಲಿಸಿದಳು. "ಹೊತ್ತಿಗಿ ನಾಕ ಲೀಟರ್ ಕೊಡತಿದ್ದೆಲ್ಲವ್ವಾ, ಒಂದ ದಿನಾ ಒದ್ದಾಕಿ ಅಲ್ಲವ್ವಾ," ಎಂದು ಕಣ್ಣೀರು ಸುರಿಸಿದಳು. ಕಣ್ಣೀರು ಖರೆ ಶೈಲಶ್ರೀಯದು, ಹಾಲಿನ ಲೆಕ್ಕ ಮಾತ್ರ ಎಮ್ಮೆಯದು. ಅಂದಿನಿಂದ ಅದೇ ಪದ್ಧತಿಯಾಯಿತು. ಅಳಲು ಬಂದವರನ್ನು ರಂಜನಾ ಓಣಿಯ ತುದಿಯಲ್ಲೇ ತಡೆದು, "ಎಮ್ಮಿ ಅಂತ ಹೇಳಿ ಅಳ್ರಿ," ಎಂದು ಕಳಿಸುತ್ತಿದ್ದಳು. ಎರಡು ತಿಂಗಳಲ್ಲಿ ಒಂಬತ್ತು ಹೆಂಗಸರು ಬಂದರು, ಒಂಬತ್ತು ಎಮ್ಮೆ ಸತ್ತವು. ತಾಲೂಕಿನ ಎಮ್ಮೆಗಳಿಗೆ ಏನೋ ಬೇನೆ ಬಂದಿದೆ ಎಂದು ಸಪ್ನಾ ಸಾಲೆಯಲ್ಲಿ ಹೇಳಿ, ಅಲ್ಲಿ ಕಲಿಸುವ ಅಕ್ಕೋರು ದನದ ಡಾಕ್ಟರರಿಗೆ ಫೋನು ಹಚ್ಚಿದರಂತೆ.

ಶಟ್ಟೆವ್ವನಿಗೆ ಆ ಸೌಲಭ್ಯವೂ ಇರಲಿಲ್ಲ. ಅವಳ ಎಮ್ಮೆ ಹಿತ್ತಲಲ್ಲಿ ಗಟ್ಟಿಮುಟ್ಟಾಗಿ ಮೇವು ತಿನ್ನುತ್ತಿತ್ತಲ್ಲ. ಸೊಸೆಗಾಗಿ ಬಾಯಿ ತೆರೆದು ಅಳಲಾಗದೆ ಅವಳು ಬಾಯಿಗೆ ಸೆರಗು ತುರುಕಿಕೊಂಡು ಆ ಎಮ್ಮೆಯ ಪಕ್ಕದಲ್ಲೇ ಕೂಡುತ್ತಿದ್ದಳು. ಮೊಮ್ಮಗಳು ಕಂಡರೆ, ಉಳ್ಳಾಗಡ್ಡಿ ಹೆಚ್ಚಿ ಕಣ್ಣು ಉರಿಯುತ್ತಿವೆ ಎನ್ನುತ್ತಿದ್ದಳು.

ಇನ್ನು ಮುತ್ತಪ್ಪನ ಪಾಲಿಗೆ ಬಂದ ಕಷ್ಟವೆಂದರೆ ಕಾರ್ಟೂನು. ಸಾಲೆಯಿಂದ ಬಂದೊಡನೆ ಅವ್ವ ಯಾವಾಗ ಬರುತ್ತಾಳೆಂದು ಕೇಳುವ ಹುಡುಗಿಯ ಬಾಯಿ ಮುಚ್ಚಿಸಲು ಅವನಿಗೆ ಗೊತ್ತಿದ್ದ ಉಪಾಯ ಅದೊಂದೇ. ಪೆನ್‌ಡ್ರೈವಿಗೆ ತುಂಬಿ ತಂದು ಟಿವಿಗೆ ಚುಚ್ಚುತ್ತಿದ್ದ. ಆದರೆ ಆ ಕಾರ್ಟೂನು ಮಾಡುವವರಿಗೆ ತಾಯಂದಿರ ಮೇಲೆ ಅದೆಂಥ ಹಗೆಯೋ ತಿಳಿಯದು. ಪಿಚ್ಚರು ಶುರುವಾಗಿ ಹತ್ತು ನಿಮಿಷ ಆಗಿರುವುದಿಲ್ಲ, ಆನೆಮರಿಯ ತಾಯಿ ಢಂ, ಮೊಲದ ಮರಿಯ ತಾಯಿ ಢಂ. ಒಂದು ಸಂಜೆ ಒಂಟೆಮರಿಯ ಕತೆ ನಡೆದಿತ್ತು. ಮರಳುಗಾಳಿ ಎದ್ದಿತು, ತಾಯಿ ಒಂಟೆ ಮೊಣಕಾಲೂರಿತು. ಮುತ್ತಪ್ಪ ತಟ್ಟನೆ ಎದ್ದ. ಹಾರಿಹೋಗಿ ಟಿವಿಯ ಬಟನ್ನು ಒತ್ತಿ, "ಕರೆಂಟ್ ಹೋತು," ಎಂದ. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಲೇ ಇತ್ತು. ಸಪ್ನಾ ಫ್ಯಾನನ್ನು ನೋಡಿದಳು, ಅಪ್ಪನನ್ನು ನೋಡಿದಳು.

ಮರುದಿನ ಅಂಗಡಿಯ ಕಂಪ್ಯೂಟರಿನಲ್ಲಿ ಅವನು ತಾಯಿ ಸಾಯುವ ನಾಲ್ಕು ನಿಮಿಷವನ್ನು ಕತ್ತರಿಸಿ ತೆಗೆದ. ತಾಯಿ ಇಲ್ಲದ ಮರಿ ಮುಂದೆ ಸುಮ್ಮಸುಮ್ಮನೆ ಅಳುವುದು ಚಂದ ಕಾಣಲಿಲ್ಲ, ಅಳುವುದನ್ನೂ ತೆಗೆದ. ತಾಯಿಯ ನೆನಪಿನ ಹಾಡು ತೆಗೆದ. ಸಮಾಧಾನ ಹೇಳುವ ಮುದಿ ಒಂಟೆಗೆ ಹೇಳಲು ಏನೂ ಉಳಿಯಲಿಲ್ಲ, ಅದನ್ನೂ ತೆಗೆದ. ಒಂದೂಕಾಲು ತಾಸಿನ ಪಿಚ್ಚರು ಇಪ್ಪತ್ತೆಂಟು ನಿಮಿಷಕ್ಕೆ ಬಂತು. ಅದರಲ್ಲಿ ಒಂದು ಒಂಟೆ ತನ್ನ ಮರಿಯೊಡನೆ ನಡೆಯುತ್ತದೆ, ಗಾಳಿ ಬೀಸುತ್ತದೆ, ಮರಿ ಒಂದೇ ಉಳಿಯುತ್ತದೆ, ಅತ್ತಿತ್ತ ಓಡಿ ನಗುತ್ತದೆ, ಮುಗಿಯಿತು.

ಮಾಸ್ತರರು ದೊಡವಾಡದಿಂದ ಬಂದಾಗ ಅದನ್ನು ಪೂರ್ತಿ ನೋಡಿ, "ಮಕ್ಕಳ ಪಿಚ್ಚರ್ ಅಂದ್ರ ಹಿಂಗ ಇರಬೇಕ ನೋಡು," ಎಂದು ಅಳಿಯನ ಬೆನ್ನು ತಟ್ಟಿದರು. ಮುತ್ತಪ್ಪ ಹಿಗ್ಗಿದ. ಆಮೇಲೆ ಅವನು ಆನೆ, ಮೊಲ, ಮೀನು ಒಂದನ್ನೂ ಬಿಡದೆ ಕತ್ತರಿಸಿದ.

ಸಪ್ನಾ ಮಾತ್ರ ಒಂಟೆಯದನ್ನೇ ಮತ್ತೆ ಮತ್ತೆ ನೋಡಿದಳು. ಒಂದು ದಿನ ಕೇಳಿದಳು, "ಇದರವ್ವ ಎಲ್ಲಿ ಹೋತಪ್ಪಾ?"

"ನೀರ ಹುಡಕ್ಯಾಡಾಕ ಹೋಗೈತಿ."

"ತಿರುಗಿ ಬರಲೇ ಇಲ್ಲಲ್ಲ."

"ಬರತೈತಿ."

"ಪಿಚ್ಚರ ಮುಗದ ಹೋತಲ್ಲ."

ಮುತ್ತಪ್ಪ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ. ಹುಡುಗಿ ಖಾಲಿ ಟಿವಿ ನೋಡುತ್ತ, "ಇದರವ್ವ ಕೆಟ್ಟಾಕಿ," ಎಂದಳು. ಅವನಿಗೆ ನಗು ಬಂತು. ಫೋನಿನಲ್ಲಿ ಮಾಸ್ತರರಿಗೂ ಹೇಳಿದ. ಹುಡುಗಿಯ ವಿಚಾರಶಕ್ತಿ ಬೆಳೆಯುತ್ತಿದೆ ಎಂದು ಅವರು ಖುಷಿಪಟ್ಟರು.

ಬೆಳೆದ ವಿಚಾರಶಕ್ತಿ ಏನು ಮಾಡಿತೆಂದು ಮುಂದಿನ ರವಿವಾರ ಗೊತ್ತಾಯಿತು. ಶೈಲಶ್ರೀ ಮನೆಯಲ್ಲಿ ಉಡುತ್ತಿದ್ದ ಒಂದು ಹಸಿರು ಸೀರೆ ಇತ್ತು. ಮುನವಳ್ಳಿಯಿಂದ ಬಂದ ದಿನದಿಂದ ಸಪ್ನಾ ಅದನ್ನು ಹೊದ್ದೇ ಮಲಗುತ್ತಿದ್ದಳು, ಯಾರಿಗೂ ಒಗೆಯಲು ಕೊಡುತ್ತಿರಲಿಲ್ಲ. ಆ ಬೆಳಿಗ್ಗೆ ಸಗಣಿ ಬಾಚಲು ಹಿತ್ತಲಿಗೆ ಹೋದ ಶಟ್ಟೆವ್ವ ಬುಟ್ಟಿ ಕೈಬಿಟ್ಟು ಮಗನನ್ನು ಕೂಗಿದಳು. ಆ ಸೀರೆ ಎಮ್ಮೆಕರುವಿನ ಅಡಿಯಲ್ಲಿತ್ತು. ಗಂಜಳದಲ್ಲಿ ತೊಯ್ದು, ಸಗಣಿಯಲ್ಲಿ ಅರ್ಧ ಮುಚ್ಚಿಹೋಗಿತ್ತು.

"ಯಾರ ಹಾಸಿದ್ರು ಇದನ್ನ?" ಎಂದು ಮುತ್ತಪ್ಪ ಗದರಿದ.

"ನಾ," ಎಂದಳು ಸಪ್ನಾ.

ಹುಟ್ಟಿದಾಗಿನಿಂದ ಒಂದೇಟೂ ಹೊಡೆಯದ ಮಗಳ ಮೇಲೆ ಮುತ್ತಪ್ಪ ಕೈ ಎತ್ತಿದ. ಹುಡುಗಿ ಹಿಂದೆ ಸರಿಯಲಿಲ್ಲ. "ಆಕಿ ಬರಂಗಿಲ್ಲ," ಎಂದಳು. "ಮುನವಳ್ಳಿಗಿ ಹೋಗುಮುಂದ ನಾ ಚಪ್ಪಲಿ ಸಲುವಾಗಿ ಆಕಿ ಕೂಡ ಜಗಳಾ ಮಾಡಿದ್ನಿ. ಅದಕ್ಕ ಬಿಟ್ಟ ಹೋಗ್ಯಾಳ. ಅರಾಮಾದ್ರೂ ಬರವಲ್ಲಳು. ಆಕಿಗಿ ನಾ ಬ್ಯಾಡಂದ್ರ ನನಗೂ ಆಕಿ ಬ್ಯಾಡ."

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಹೆಂಡತಿ ಸತ್ತಾಗಲೂ ಅವನಿಗೆ ಇಷ್ಟು ಸಂಕಟವಾಗಿರಲಿಲ್ಲ. ಆಗ ಸತ್ತವಳು ಸತ್ತಿದ್ದಳು, ಅಷ್ಟೇ. ಈಗ ಅವಳನ್ನು ಮಗುವನ್ನು ಬಿಟ್ಟು ಓಡಿಹೋದವಳನ್ನಾಗಿ ಮಾಡಿದ್ದು ತಾನೇ, ತನ್ನ ಕೈಯಾರೆ.

ಮಾಸ್ತರರು ಹಿಂದಿನ ದಿನವೇ ಬಂದಿದ್ದರು. ಹಿತ್ತಲ ಬಾಗಿಲಲ್ಲಿ ಅವಲಕ್ಕಿಯ ತಾಟು ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಗಾಬರಿ ಆಗಬ್ಯಾಡ ಮುತ್ತಪ್ಪಾ," ಎಂದರು. "ದವಾಖಾನಿ ಹಳೇದಾತು. ನೌಕರಿ ಮ್ಯಾಲ ದುಬೈಗಿ ಹೋಗ್ಯಾಳ ಅಂತ ಹೇಳೂಣು."

ಮುತ್ತಪ್ಪ ಎತ್ತಿದ ಕೈ ಇಳಿಸಿದ. ಗಾಡಿ ಹತ್ತಿ ಅಂಗಡಿಗೆ ಹೋದ, ಶಟರ್ ಅರ್ಧ ಎತ್ತಿ ಒಳಗೆ ನುಸುಳಿದ. ಕತ್ತರಿಸಿದ ತುಂಡುಗಳನ್ನು ಅವನು ಅಳಿಸಿರಲಿಲ್ಲ. ಗಿರಾಕಿಗಳ ಹಳೆಯ ಫೋಟೋಗಳ ನಡುವೆ ಅವು ಹಾಗೇ ಇದ್ದವು. ಅರ್ಧ ತಾಸಿನಲ್ಲಿ ಮನೆಗೆ ಬಂದು, ಪೆನ್‌ಡ್ರೈವ್ ಚುಚ್ಚಿ, ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡ.

"ಏ ಹುಚ್ಚಪ್ಪಾ, ಮಗುವಿನ ಮನಸ್ಸಿನ ಮ್ಯಾಲ..." ಎಂದು ಮಾಸ್ತರರು ಶುರುಮಾಡಿದರು.

"ಮಾವಾರ, ನೀವು ಅವಲಕ್ಕಿ ತಿನ್ರಿ," ಎಂದ ಮುತ್ತಪ್ಪ.

ಟಿವಿಯಲ್ಲಿ ಗಾಳಿ ಎದ್ದಿತು. ತಾಯಿ ಒಂಟೆ ಮರಿಯನ್ನು ಹೊಟ್ಟೆಯ ಮಗ್ಗುಲಿಗೆ ಎಳೆದುಕೊಂಡು ಗಾಳಿಗೆ ಬೆನ್ನು ಕೊಟ್ಟಿತು. ಗಾಳಿ ನಿಂತ ಮೇಲೆ ಮರಿ ಎದ್ದಿತು, ತಾಯಿ ಏಳಲಿಲ್ಲ. ಮರಿ ಮೂತಿಯಿಂದ ನೂಕಿತು, ಮತ್ತೆ ನೂಕಿತು. ಆಗ ಮುದಿ ಒಂಟೆ ಬಂದು, "ಮಗು, ನಿನ್ನ ತಾಯಿ ಸತ್ತುಹೋದಳು. ಅವಳು ಇನ್ನು ಏಳುವುದಿಲ್ಲ," ಎಂದಿತು. ಒಂದು ಓಣಿ, ಎರಡು ಬಳಗ, ಒಬ್ಬ ತರಬೇತಿ ಪಡೆದ ಮಾಸ್ತರರು ಸೇರಿ ಐದು ತಿಂಗಳಿಂದ ಹೇಳಲಾರದ್ದನ್ನು ಒಂದು ಒಂಟೆ ಪುಸ್ತಕದ ಕನ್ನಡದಲ್ಲಿ ಹೇಳಿ ಮುಗಿಸಿತು.

"ಬಿಟ್ಟ ಹೋಗಿಲ್ಲೇನು ಅದು?" ಸಪ್ನಾ ಕೇಳಿದಳು.

"ಇಲ್ಲ."

"ಇದನ್ನ ಯಾರ ಕತ್ತರಿಸಿದ್ರು?"

"ನಾನ ಕತ್ತರಿಸಿದ್ನಿ."

ಹುಡುಗಿ ಅವನ ಮುಖವನ್ನೇ ನೋಡಿದಳು. "ನಮ್ಮವ್ವ?"

ಮುತ್ತಪ್ಪ ಮೇಲಿನ ಫ್ಯಾನು ನೋಡಿದ, ಗೋಡೆ ನೋಡಿದ, ಕೊನೆಗೆ ಮಗಳನ್ನು ನೋಡಿದ. "ಸತ್ತಾಳವಾ. ಜ್ವರ ಬಂದು ಸತ್ತಾಳ. ನೀ ಮುನವಳ್ಯಾಗ ಇದ್ದಿ."

"ಚಪ್ಪಲಿ ಸಲುವಾಗಿ ಅಲ್ಲ?"

"ಅಲ್ಲವಾ. ದವಾಖಾನ್ಯಾಗೂ ಸಪ್ನಾ ಉಂಡಳೇನು ಅಂತ ಕೇಳತಿದ್ಲು."

ಸಪ್ನಾಳಿಗೆ ಇನ್ನೊಂದು ಲೆಕ್ಕ ಮುಗಿಯಬೇಕಿತ್ತು. "ಹಂಗಾರ ಗುರುಬಸವ್ವಾಯಿ ಎಮ್ಮಿ?"

"ಅರಾಮ ಐತಿ."

"ಒಂಬತ್ತೂ?"

"ಒಂಬತ್ತೂ ಅರಾಮ ಅದಾವು. ಅವರೆಲ್ಲಾ ಅತ್ತದ್ದು ನಿಮ್ಮವ್ವನ ಸಲುವಾಗಿ."

ಆಗ ಹುಡುಗಿ ಅಪ್ಪನ ಅಂಗಿ ಹಿಡಿದು ಅತ್ತಳು. ಐದು ತಿಂಗಳಿನದನ್ನೆಲ್ಲ ಅತ್ತಳು. ಮುತ್ತಪ್ಪನೂ ಅತ್ತ. ಮಾಸ್ತರರು ತಾಟು ಕೆಳಗಿಟ್ಟು, ದೊಡವಾಡದ ದಾರಿಗೆ ಬೈಲಹೊಂಗಲದ ಬಸ್ಸು ಎಷ್ಟಕ್ಕಿದೆ ಎಂದು ಯಾರನ್ನೋ ಕೇಳಿದಂತೆ ಕೇಳಿ ಮೆಲ್ಲಗೆ ಚಪ್ಪಲಿ ಮೆಟ್ಟಿದರು.

ಸ್ವಲ್ಪ ಹೊತ್ತಿನ ಮೇಲೆ ಸಪ್ನಾ ಎದ್ದು ಹಿತ್ತಲಿಗೆ ಹೋದಳು. ಕರುವಿನ ಅಡಿಯಿಂದ ಸೀರೆ ಎಳೆದು ತಂದು ಶಟ್ಟೆವ್ವನ ಮುಂದೆ ಇಟ್ಟಳು. "ಆಯಿ, ಇದನ್ನ ಒಗದ ಕೊಡು. ಆಮ್ಯಾಲ ನೀನೂ ಅಳು. ಸೆರಗ ಬಾಯಾಗ ಹಾಕ್ಕೋಬ್ಯಾಡ."

ಶಟ್ಟೆವ್ವ ಒಗೆಯುವ ತನಕ ತಾಳಲಿಲ್ಲ. ಸಗಣಿ ಸೀರೆಯನ್ನು ಹಾಗೇ ಎದೆಗವಚಿಕೊಂಡು ಹೊಸ್ತಿಲ ಮೇಲೆ ಕೂತು, ಸೊಸೆಯ ಹೆಸರು ಹಿಡಿದು ರಾಗ ತೆಗೆದಳು. ಅವಳು ಮಾಡಿದ ರೊಟ್ಟಿ, ಅವಳು ಕೊಟ್ಟ ಔಷಧ, ಸಿಟ್ಟಿನಲ್ಲಿ ತಾನು ಆಡಿದ ಮಾತು ಎಲ್ಲ ಒಂದೊಂದಾಗಿ ಹೊರಬಂದವು. ದನಿ ಓಣಿಯ ತುದಿಯವರೆಗೆ ಹೋಯಿತು. ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ರಂಜನಾ ಓಡಿಬಂದಳು. ಬಾಗಿಲಲ್ಲಿ ಹುಡುಗಿಯನ್ನು ಕಂಡವಳೇ ಹಳೆಯ ರೂಢಿಯಂತೆ ಕೇಳಿದಳು, "ಯಾರ ಎಮ್ಮಿ ಸತ್ತೈತವಾ?"

"ಎಮ್ಮಿ ಅಲ್ಲ," ಎಂದಳು ಸಪ್ನಾ. "ನಮ್ಮವ್ವ ಸತ್ತಾಳ. ಒಳಗ ಬಂದು ಅಳ್ರಿ."