ಪೆನ್ಸಿಲಿನಲ್ಲಿ ಬರೆದದ್ದು

ಮಿದುಳು ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಆಕೆಗೆ ಕೈಯಮ್ಮ ಎಂದೇ ಹೆಸರು. ಯಾರು ಕೈ ತೊಳೆಯಲಿಲ್ಲ, ಯಾವ ರೋಗಿಗೆ ಆಸ್ಪತ್ರೆಯಿಂದಲೇ ಸೋಂಕು ತಗುಲಿತು ಎಂದು ಪುಸ್ತಕದಲ್ಲಿ ಬರೆದಿಡುವ ನರ್ಸು. "ಕೈಯಮ್ಮ ಬಂದ್ರು, ತೊಳ್ಕೊಳ್ರಪ್ಪ, ಪಾಪದ ಪುಸ್ತಕ ತೆರೀತಾರೆ" ಎಂದು ಕಿರಿಯ ಡಾಕ್ಟರುಗಳು ನಗುತ್ತಿದ್ದರು. ಅವರ ತಪ್ಪನ್ನು ಆಕೆ ಪೆನ್ನಿನಲ್ಲಿ ಬರೆಯುತ್ತಿದ್ದಳು. ದೊಡ್ಡವರದನ್ನು ಪೆನ್ಸಿಲಿನಲ್ಲಿ. ಬಾಗಿಲ ಹಲಗೆಯ ಮೇಲೆ 'ಸೋಂಕಿಲ್ಲದ ದಿನ ೧೭೯' ಎಂದಿತ್ತು. ಮರುದಿನ ಪರಿಶೀಲನೆಯವರು ಬರುವವರಿದ್ದರು.

ಅಂದೇ ಮೂರನೇ ಹಾಸಿಗೆಯವನ ಮೈ ಕಾದ ಹಂಚಾಯಿತು. ಏಣಿಯಿಂದ ಬಿದ್ದ ಬಣ್ಣ ಬಳಿಯುವವನು; ಸೇರಿದ ದಿನವೇ ತಲೆಯ ನೀರು ಬಸಿಯಲು ನಳಿಕೆ ಇಟ್ಟಿದ್ದರು, ಇದು ನಾಲ್ಕನೇ ದಿನ. ಹಿರಿಯ ಸರ್ಜನ್ ಫೋನು ಜೇಬಿಗಿಳಿಸಿ ಅದೇ ಬರಿಗೈಯಲ್ಲಿ ಆ ನಳಿಕೆ ಬಿಚ್ಚಿ ಜೋಡಿಸಿದ್ದನ್ನು ಕೈಯಮ್ಮ ಕಣ್ಣಾರೆ ಕಂಡಿದ್ದಳು. ಅದನ್ನೂ ಈ ಜ್ವರವನ್ನೂ ಪೆನ್ಸಿಲಿನಲ್ಲೇ ಬರೆದಳು.

ಸರ್ಜನ್ ಪುಟ ನೋಡಿದರು. "ಸೇರಿದ ಎರಡು ದಿನದೊಳಗೆ ಜ್ವರ ಬಂದ್ರೆ ಅದು ಮನೆಯಿಂದ ತಂದಿದ್ದು. ಅಲ್ವಾ ಸಿಸ್ಟರ್?"

"ಇವರಿಗೆ ಬಂದಿದ್ದು ನಾಲ್ಕನೇ ದಿನ ಸಾರ್."

"ಎರಡನೇ ದಿನವೇ ಬಂದಿತ್ತು. ನೀವು ನೋಡಿದ್ದು ನಿಧಾನ. ನಿಧಾನದವರಿಗೆ ಕೆಳಗೆ, ಹಾಸಿಗೆಬಟ್ಟೆ ಎಣಿಸೋ ಕಡೆ ಜಾಗ ಇದೆ." ರಬ್ಬರನ್ನು ಅವರೇ ಮುಂದಿಟ್ಟರು.

ಆಕೆ ಅಳಿಸಿದಳು. ಗುರುತೂ ಉಳಿಯಲಿಲ್ಲ.

ಆಮೇಲೆ ಸರ್ಜನ್ ರೋಗಿಯ ಹೆಂಡತಿಯನ್ನು ಕರೆಸಿದರು. "ಮನೇಲಿ ಗಾಯಕ್ಕೆ ಏನಮ್ಮಾ ಕಟ್ಟಿದ್ದೆ?"

"ಕೈಗೆ ಸಿಕ್ಕಿದ ಬಟ್ಟೆ ಸಾರ್. ರಕ್ತ ನಿಲ್ಲಲಿ ಅಂತ."

"ಕೇಳಿದ್ರಾ ಸಿಸ್ಟರ್? ನೀವೇ ತಿಳಿಸಿ ಹೇಳಿ."

ಕೈಯಮ್ಮ ಹೇಳಿದಳು. "ಸೋಂಕು ಅದರಿಂದಲೇ ಬಂತಮ್ಮ."

"ನನ್ನ ಕೈಯಿಂದ್ಲಾ ಅಕ್ಕ?"

"ಹೂಂ."

ಅವಳು ತನ್ನ ಎರಡೂ ಕೈಗಳನ್ನು ಯಾರದೋ ವಸ್ತುವಿನಂತೆ ತಿರುಗಿಸಿ ನೋಡಿಕೊಂಡಳು.

ಮರುದಿನ ಹಲಗೆಯಲ್ಲಿ ನೂರೆಂಬತ್ತು. ಸರ್ಜನ್ ಅದನ್ನು ಪರಿಶೀಲನೆಯವರಿಗೆ ತೋರಿಸುತ್ತಿರುವಾಗ ಒಳಗೆ ಮೂರನೇ ಹಾಸಿಗೆಯವನ ಉಸಿರು ಇಳಿಮುಖವಾಯಿತು. ಬಲಗೈ ಗಾಳಿಯಲ್ಲಿ ತಡಕಾಡತೊಡಗಿತು. ಕೈಯಮ್ಮ ಗಾಜಿನ ಬಾಗಿಲಾಚೆ ನಿಂತಿದ್ದ ಹೆಂಡತಿಯ ಬಳಿಗೆ ಓಡಿದಳು.

"ಬಾಮ್ಮ, ಕೈ ಹಿಡ್ಕೋ. ಹೆಚ್ಚು ಹೊತ್ತಿಲ್ಲ."

"ಬೇಡ ಅಕ್ಕ. ಒಂದ್ಸಲ ಮುಟ್ಟಿದ್ದೇ ಸಾಕು." ಅವಳ ಕೈಗಳು ಬೆನ್ನ ಹಿಂದೆ, ಕಟ್ಟಿಹಾಕಿದ ಕಳ್ಳನ ಕೈಗಳಂತೆ.

ನಿಜವು ಕೈಯಮ್ಮನ ನಾಲಿಗೆಯ ತುದಿಗೆ ಬಂತು. ಹಲಗೆಯ ಬಳಿಯಿಂದ ಸರ್ಜನ್ ಇತ್ತ ತಿರುಗಿ ನೋಡಿದರು. ನಿಜ ಮತ್ತೆ ಗಂಟಲಿಗಿಳಿಯಿತು.

ಆಕೆ ಒಳಹೋಗಿ, ಕ್ರಮ ತಪ್ಪದೆ ಬೆರಳ ಸಂದುಸಂದೂ ತೊಳೆದು, ತಾನೇ ಅವನ ಕೈ ಹಿಡಿದಳು. ಅವನು ಅದನ್ನು ಮೆಲ್ಲಗೆ ತಡವಿದ. ತನ್ನವಳದಲ್ಲವೆಂದು ತಿಳಿದು ಬಿಟ್ಟುಬಿಟ್ಟ.