ಮೂರು ಬಡಿದರೆ ಆನೆ

ನನ್ನ ಗಂಡ ಮಾದಪ್ಪನವರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇಲ್ಲ. ಇದು ನನ್ನ ಮಾತಲ್ಲ, ಅವರದೇ. ಮದುವೆಯಾದ ಲಾಗಾಯ್ತು ಕೇಳಿ ಕೇಳಿ ನನಗೂ ಅರ್ಧ ನಂಬಿಕೆ ಬಂದುಬಿಟ್ಟಿದೆ.

ಆ ಜ್ಞಾನವನ್ನೆಲ್ಲ ಸುರಿಯಲು ವಯನಾಡಿನ ನಮ್ಮ ಕೊಳವಳ್ಳಿಯಲ್ಲಿ ಒಂದು ಜಾಗವಿದೆ, ಪಗಲ್‌ವೀಡು. ವಯಸ್ಸಾದವರು ಬೆಳಿಗ್ಗೆ ಹೋಗಿ, ಮಧ್ಯಾಹ್ನ ಗಂಜಿ ಕುಡಿದು, ಸಂಜೆ ವಾಪಸು ಬರುವ ಮನೆ. ಕಟ್ಟಿಸಿದವರ ಹೊಟ್ಟೆ ತಣ್ಣಗಿರಲಿ. ಮುದುಕರಿಗಾಗಿ ಎಂದು ಬೋರ್ಡಿನಲ್ಲಿ ಬರೆದಿದ್ದಾರೆ. ನಿಜವಾಗಿ ನೆಮ್ಮದಿ ಸಿಕ್ಕಿದ್ದು ಮುದುಕರ ಹೆಂಡತಿಯರಿಗೆ.

ತಿಂಗಳ ಕೊನೆಯ ಶುಕ್ರವಾರ ಅಲ್ಲಿ ಹಳೇಕಾಲದ ಕ್ವಿಜ್ ಇರುತ್ತದೆ. ನಡೆಸುವವಳು ಅಲ್ಲಿನ ಉಸ್ತುವಾರಿ ನೋಡಿಕೊಳ್ಳುವ ಶೈಲಜ, ಮಾನಂತವಾಡಿ ಕಡೆಯ ಹುಡುಗಿ. ಗೆದ್ದವರಿಗೆ ಮೈ ಒರೆಸುವ ತೋರ್ತು. ನಮ್ಮ ಮನೆಯ ಟ್ರಂಕಿನ ತುಂಬ ಅದೇ ಇದೆ. ಮುಟ್ಟಲು ಬಿಡುವುದಿಲ್ಲ ಪುಣ್ಯಾತ್ಮರು. ನಾನು ಹರಿದ ಸೀರೆಯಲ್ಲಿ ತಲೆ ಒರೆಸಿಕೊಳ್ಳುತ್ತೇನೆ.

ಹೋದ ತಿಂಗಳು ಸೋತರು. ಪ್ರಶ್ನೆ ಏನು ಮಹಾ? ಎಪ್ಪತ್ತೊಂಬತ್ತರಲ್ಲಿ ಆಕಾಶದಿಂದ ಏನೋ ತಲೆಯ ಮೇಲೆ ಬೀಳುತ್ತದೆಂದು ಜನ ಹೆದರಿದ್ದರಲ್ಲ, ಏನದು? ಇವರು "ಆಲಿಕಲ್ಲು" ಎಂದರಂತೆ. ಕೇಳಿ ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ನಗು ನಿಂತಿತು. ಆಕಾಶದಲ್ಲಿ ಸುತ್ತುತ್ತಿದ್ದ ಅಮೆರಿಕದ ಸ್ಕೈಲ್ಯಾಬ್ ಬೀಳುತ್ತದೆಂದು ಸುದ್ದಿ ಬಂದಾಗ, ಸಾಯುವುದೇ ಆದರೆ ತಿಂದು ಸಾಯೋಣ ಎಂದು ಹುಂಜ ಕೊಯ್ದು ಸಾರು ಮಾಡಿಸಿದವರು ಇವರೇ. ಬೆಳಗಾದಾಗ ಸತ್ತಿದ್ದದ್ದು ಹುಂಜ ಮಾತ್ರ. ಅಂಥದ್ದನ್ನು ಮರೆಯುವುದೆಂದರೇನು? ಈಚೆಗೆ ಒಮ್ಮೊಮ್ಮೆ ನನ್ನನ್ನು ನನ್ನ ತಂಗಿಯ ಹೆಸರಿನಿಂದ ಕರೆಯುತ್ತಾರೆ. ನನಗೆ ಹೆದರಿಕೆಯಾಯಿತು.

"ಇನ್ನೊಂದ್ ಸಲ ಸೋತ್ರೆ ನಾನು ಆ ಕಡೆ ತಲೇನೂ ಹಾಕಲ್ಲ" ಎಂದು ಎಲ್ಲರೆದುರು ಶಪಥ ಮಾಡಿ ಬಂದರು. ಒಂದು ವಾರ ಅಡುಗೆಮನೆಯಲ್ಲೇ ನಿಂತು ನನಗೆ ಬೀನ್ಸ್ ಹೆಚ್ಚುವುದನ್ನು ಕಲಿಸಿದರು. ಹೀಗೆ ದಿನವಿಡೀ ಮನೆಯಲ್ಲಿದ್ದರೆ ನಾನು ಉಳಿಯುವುದಿಲ್ಲ. ನಾನು ಹೇಗೋ ಉಳಿದೇನು, ನಾಲ್ಕು ಜನರ ಮಾತಿಲ್ಲದೆ ಅವರ ತಲೆ ಉಳಿಯುವುದಿಲ್ಲ. ಏನಾದರೂ ಮಾಡಿ ಇವರನ್ನು ಗೆಲ್ಲಿಸಲೇಬೇಕೆಂದು ಹಟ ಹಿಡಿದೆ.

ಉಪಾಯ ಹೊಳೆದದ್ದು ಹಳೆಯ ಕಾವಲಿನಿಂದ. ಆಗೆಲ್ಲ ಕಬಿನಿಯ ದಡದ ಗದ್ದೆಗಳಲ್ಲಿ ಭತ್ತ ಹಾಲು ತುಂಬಿತೆಂದರೆ ಗಂಡಸರೆಲ್ಲ ಮರದ ಅಟ್ಟಣೆ ಹತ್ತಿ ರಾತ್ರಿ ಕಾವಲು ಕೂರುತ್ತಿದ್ದರು. ಪಕ್ಕದಲ್ಲೊಂದು ತಗಡಿನ ಡಬ್ಬ. ಒಂದು ಬಡಿದರೆ 'ಎಚ್ಚರವಾಗಿದ್ದೀನಿ'. ಎರಡು ಬಡಿದರೆ ಹಂದಿ. ಮೂರು ಬಡಿದರೆ ಆನೆ. ಒಂದು ಕೇಳಿಸಿದವನು ತಿರುಗಿ ಒಂದು ಕೊಡಲೇಬೇಕು. ಕೊಡದಿದ್ದರೆ ಪಕ್ಕದ ಅಟ್ಟಣೆಯವನು ಇಳಿದು ನೋಡಲು ಬರಬೇಕು, ಕೆಳಗೆ ಆನೆಯೇ ನಿಂತಿರಲಿ. ನಾನು ಮನೆಯಿಂದಲೇ ತಪ್ಪಲೆ ಬಡಿದು ಇವರಿಗೆ ಒಂದು ಕೊಡುತ್ತಿದ್ದೆ.

ಕ್ವಿಜ್ಜಿನಲ್ಲೂ ಪ್ರಶ್ನೆಗೆ ಮೂರು ಉತ್ತರ ಕೊಡುತ್ತಾರೆ. ಸರಿಯಾದದ್ದು ಎಷ್ಟನೆಯದೋ ಅಷ್ಟು ಸಲ ಬಡಿದರಾಯಿತು. ಇವರಿಗೆ ಮೊದಲೇ ಹೇಳಲಿಲ್ಲ, ಹೇಳಿದರೆ ಮಾನ ಅಡ್ಡ ಬರುತ್ತದೆ. ಡಬ್ಬದ ಸದ್ದು ಕೇಳಿದರೆ ತಾನಾಗಿ ಹೊಳೆಯುತ್ತದೆ ಎಂದುಕೊಂಡೆ. ಸ್ಟೀಲ್ ಡಬ್ಬಕ್ಕೆ ಚಕ್ಕುಲಿ ತುಂಬಿಕೊಂಡು, ನೋಡಲು ಬಂದವಳ ಹಾಗೆ ಹಿಂದಿನ ಬೆಂಚಿನಲ್ಲಿ ಕೂತೆ.

ಕೊನೆಗೆ ಉಳಿದವರು ಇಬ್ಬರು, ಇವರು ಮತ್ತು ಚಾತಿಯಣ್ಣ. ಚಾತಿಯಣ್ಣ ಕಾಡಂಚಿನ ಹಾಡಿಯವನು. ಇವರ ಅಟ್ಟಣೆಯ ಪಕ್ಕದ ಅಟ್ಟಣೆ ಅವನದು. ಕಾಲೆಳೆಯುವುದರಲ್ಲಿ ಇವರಿಗೆ ಸರಿಜೋಡಿ.

"ರೇಡಿಯೋಗೆ ಲೈಸೆನ್ಸ್ ಬೇಕಿದ್ದ ಕಾಲದಲ್ಲಿ ಅದನ್ನು ಕೊಡ್ತಿದ್ದವರು ಯಾರು?" ಶೈಲಜ ಕೇಳಿದಳು.

"ಪೋಸ್ಟಾಪೀಸು" ಎಂದ ಚಾತಿಯಣ್ಣ, ಅವಳು ಮೂರು ಉತ್ತರ ಓದುವ ಮೊದಲೇ. "ಅದ್ಕೇ ಪೋಸ್ಟ್‌ಮ್ಯಾನ್ ಬಂದಾಗೆಲ್ಲ ಈ ಮಾದಪ್ಪ ರೇಡಿಯೋನ ಭತ್ತದೊಳಗೆ ಹೂತಿಡ್ತಿದ್ದ. ವಾರ್ತೆ ಹಾಕಿದ್ರೆ ಹೊಟ್ಟು ಉದುರೋದು."

ಎಲ್ಲರೂ ನಕ್ಕರು. ಇವರು ಮೀಸೆ ತಿರುವಿಕೊಂಡು ಕೂತರು.

"ಇನ್ನು ಮಾದಪ್ಪೇಟ್ಟನಿಗೆ." ಅವಳ ಮಲಯಾಳದಲ್ಲಿ ಏಟ್ಟ ಎಂದರೆ ಅಣ್ಣ. "ವಯನಾಡು ಜಿಲ್ಲೆ ಆದದ್ದು ಯಾವ ವರ್ಷ? ಒಂದು, ಐವತ್ತಾರು. ಎರಡು, ಅರವತ್ತಾರು. ಮೂರು, ಎಂಬತ್ತು."

ನಾನು ನೆಮ್ಮದಿಯ ಉಸಿರು ಬಿಟ್ಟೆ. ಇದನ್ನು ಇವರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬೇಕು. ಆದರೆ ಇವರು ಸೂರು ನೋಡಿದರು. ಹೆಗಲ ಮೇಲಿನ ವಸ್ತ್ರವನ್ನು ಬೆರಳಿಗೆ ಸುತ್ತತೊಡಗಿದರು.

ಡಬ್ಬವನ್ನು ತೊಡೆಯ ಮೇಲಿಟ್ಟು ಬಡಿದೆ. ಟಣ್, ಟಣ್, ಟಣ್.

ಮುಂದೇನಾಯಿತೆಂದು ಹೇಳಲು ನನಗೇ ನಾಚಿಕೆ. ಆ ಕೋಣೆಯಲ್ಲಿದ್ದ ಅಷ್ಟೂ ಮುದುಕರು ಒಂದು ಕಾಲದಲ್ಲಿ ಅದೇ ಗದ್ದೆಗಳನ್ನು ಕಾದವರು. ಈ ಮಾತು ನನ್ನ ಮಂಡೆಗೆ ಹೊಳೆದಿರಲೇ ಇಲ್ಲ. ಚಾತಿಯಣ್ಣನ ಕೈ ತಾನಾಗಿ ಎದ್ದು ಬೆಂಚಿಗೆ ಮೂರು ಬಡಿಯಿತು. ಪಕ್ಕದ ವೇಲಾಯುಧನ್ ತನ್ನ ಊರುಗೋಲಿನಿಂದ ಮೂರು ಕೊಟ್ಟ. ಅಲ್ಲಿಯವರೆಗೆ ತೂಕಡಿಸುತ್ತಿದ್ದ ಬೈರ ಗಂಜಿಯ ತಟ್ಟೆಗೆ ಮೂರು ಬಡಿದು "ಹೋಯ್!" ಎಂದು ಕೂಗಿಯೂ ಬಿಟ್ಟ. ಗೋಡೆಯಿಂದ ಗೋಡೆಗೆ ಆನೆ ಓಡಾಡಿತು.

"ಎಂದಾ ಇದು? ಏನಾಯ್ತು?" ಶೈಲಜ ಗಾಬರಿಯಾಗಿ ಎದ್ದು ನಿಂತಳು.

"ಆನೆ ಬಂದದೆ ಮೋಳೇ" ಎಂದ ಚಾತಿಯಣ್ಣ, ಮಗಳನ್ನು ಸಮಾಧಾನ ಮಾಡುವವನ ಹಾಗೆ.

ನಗು ಅಡಗಿದ ಮೇಲೆ ಇವರು ತಿರುಗಿ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಬಡಿದೋಳು ನನ್ ಹೆಂಡ್ರು ಕಣವ್ವ. ನಂಗೆ ಉತ್ತರ ಗೊತ್ತಿಲ್ಲ. ಆ ಚಾತೀನ ಕೇಳು."

ಮೊದಲ ಸಲ ಚಾತಿಯಣ್ಣನ ಮುಖದಲ್ಲಿ ತಮಾಷೆ ಇರಲಿಲ್ಲ. "ಎಂಬತ್ತು" ಎಂದ ಮೆಲ್ಲಗೆ. "ಇವನ ಮಗಳು ಕುಸುಮಾ ಹುಟ್ಟಿದ ವರ್ಷ. ಜಿಲ್ಲೆಗೂ ನನ್ ಮಗಳಿಗೂ ಒಂದೇ ವಯಸ್ಸು ಅಂತ ಇವನೇ ಊರೆಲ್ಲ ಹೇಳ್ಕಂಡ್ ತಿರುಗ್ತಿದ್ದ."

ಇವರು ತಲೆ ತಗ್ಗಿಸಿದರು. ತೋರ್ತು ಚಾತಿಯಣ್ಣನ ಹೆಗಲೇರಿತು. ಡಬ್ಬ ಹೊತ್ತು ನಾನು ಇವರ ಹಿಂದೆ ಮನೆಗೆ ನಡೆದೆ. ಚಕ್ಕುಲಿ ಯಾರೂ ತಿನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಇವರು ಅಂಗಿ ಹಾಕಲಿಲ್ಲ. ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತೇ ಇದ್ದರು. ಪಗಲ್‌ವೀಡಿನ ಹೊತ್ತು ಮೀರಿತು. ಕುಂಬಳಕಾಯಿ ಹೆಚ್ಚುತ್ತಿದ್ದ ನಾನು, ಹೀಗಲ್ಲ ಹಾಗೆ ಅಂತಾದರೂ ಹೇಳಬಾರದೇ ಎಂದು ಕಾದೆ.

ಆಗ ಗೇಟಿನ ಹತ್ತಿರ ಸದ್ದಾಯಿತು. ಟಣ್. ಒಂದೇ.

ಕಿಟಕಿಯಿಂದ ಬಗ್ಗಿ ನೋಡಿದೆ. ಚಾತಿಯಣ್ಣ, ಹೆಗಲ ಮೇಲೆ ಹೊಸ ತೋರ್ತು. ಹೆಸರು ಹಿಡಿದು ಕರೆಯಲಿಲ್ಲ, ಗೇಟಿನ ಪೈಪಿಗೆ ಕೋಲಿನಿಂದ ಒಂದು ಬಡಿದು ಸುಮ್ಮನೆ ನಿಂತಿದ್ದ. ಇವರು ಅಲುಗಲಿಲ್ಲ. ಅವನು ಸ್ವಲ್ಪ ಕಾದ. ಆಮೇಲೆ ಗೇಟಿನ ಚಿಲಕ ತೆಗೆದು ಒಳಗೆ ಕಾಲಿಟ್ಟ. ಉತ್ತರ ಬರದಿದ್ದರೆ ಇಳಿದು ಬರಬೇಕಲ್ಲ.

ಇವರ ಬೆರಳು ಮೇಲೆದ್ದಿತು. ಕಾಫಿ ಲೋಟಕ್ಕೆ ಉಂಗುರ ತಾಗಿತು. ಟಣ್.

"ಮತ್ಯಾಕೆ ಕುಂತಿದ್ದೀಯ?" ಎಂದ ಚಾತಿಯಣ್ಣ, ಅಲ್ಲೇ ನಿಂತು. "ಬಾ, ರೇಡಿಯೋ ಹೂತ ಕತೆ ಆ ಹುಡುಗಿಗೆ ಪೂರ್ತಿ ಹೇಳ್ಬೇಕು. ನಿನ್ ಕಡೆಯಿಂದ್ಲೂ ಒಂದಿಷ್ಟು ಸುಳ್ಳು ಬೇಕು."

"ಸುಳ್ಳು ನಿಂದು ಕಣಲೇ" ಎನ್ನುತ್ತ ಇವರು ಎದ್ದು, ಅಂಗಿಗೆ ತೋಳು ತೂರಿಸಿ, ಸರಸರ ನಡೆದೇಬಿಟ್ಟರು. ಗೇಟಿನಾಚೆ ಇಬ್ಬರ ಜಗಳ ದೂರ ದೂರವಾಗುತ್ತ ಹೋಯಿತು.

ಅಬ್ಬ ಎಂದು ಜಗಲಿಗೆ ಬಂದೆ. ಮೆಟ್ಟಿಲ ಕೆಳಗೆ ಇವರ ಚಪ್ಪಲಿ ಹಾಗೇ ಇತ್ತು. ನನ್ನದು ಇರಲಿಲ್ಲ, ಮೆಟ್ಟಿಕೊಂಡು ಹೋಗಿದ್ದರು. ಕೂಗಿದ್ದರೆ ಕೇಳಿಸುತ್ತಿತ್ತು. ನಾನು ಕೂಗಲಿಲ್ಲ.